ಬೇರೆಯವರ ಗಿಳಿ, ನಮ್ಮ ಜಗಲಿ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ, ಉಪಕಸುಬುಗಳ ಬಗ್ಗೆ ಅನುಭವ ಹಂಚಿಕೆಯ ಸಂದರ್ಭದಲ್ಲಿ ಕೆರೆಕಟ್ಟೆಯ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗೆ ಭಾಷಣ ಮಾಡಿ ಗೊತ್ತಿಲ್ಲ. ಸಂಘದ ಸಭೆಯಲ್ಲಿ ನಡಾವಳಿ ಓದಿ ಅಭ್ಯಾಸ ಇದೆ ಅಷ್ಟೆ. ಹಿಂದಿನ ತಿಂಗಳು ನಮ್ಮ ಪ್ರೇರಕಿ ಬಂದು, "ನೀವು ಗಿಳಿ ನೋಡ್ಕೊಳ್ಳೋ ವಿಷಯ ಮಾತಾಡಬೇಕು" ಅಂದಾಗ ನಗು ಬಂತು. ಕೋಳಿ ಸಾಕಣೆ, ಹೈನುಗಾರಿಕೆ, ಉಪ್ಪಿನಕಾಯಿ, ಹಪ್ಪಳ, ಟೈಲರಿಂಗ್, ಇದೆಲ್ಲ ಸಭೆಯಲ್ಲಿ ಮಾತಾಡೋ ವಿಷಯ. ಗಿಳಿ ಅಂದರೆ? ನಮ್ಮೂರಲ್ಲಿ ಈಗಲೂ ನನ್ನನ್ನ "ಗಿಳಿ ಹಾಸ್ಟೆಲ್ ವಾರ್ಡನ್" ಅಂತ ತಮಾಷೆ ಮಾಡೋರಿದ್ದಾರೆ. ಮಾಡಲಿ. ಆದರೆ ಈಚೆಗೆ ಎರಡು ಮೂರು ಸಂಘದವರು ನಾವೂ ಶುರು ಮಾಡ್ತೀವಿ, ಸಾಲಕ್ಕೆ ಅರ್ಜಿ ಕೊಡ್ತೀವಿ ಅಂತ ಕೇಳಿದ್ದಾರೆ. ಅದಕ್ಕೇ ಒಪ್ಪಿಕೊಂಡೆ. ನಾನು ಮಾಡಿದ ಒಂದು ತಪ್ಪನ್ನು ಬೇರೆ ಯಾರೂ ಮಾಡಬಾರದು ಅನ್ನೋದು ಇನ್ನೊಂದು ಕಾರಣ.

ಇದು ಶುರುವಾದದ್ದು ಹೀಗೆ. ಶೃಂಗೇರಿಯಲ್ಲಿ ಬಾಡಿಗೆ ಮನೆಯಲ್ಲಿದ್ದ ಟೀಚರ್ ದಂಪತಿ ಬೇಸಿಗೆ ರಜೆಗೆ ಊರಿಗೆ ಹೊರಟಿದ್ದರು. ಅವರ ಮನೆಯಲ್ಲಿ ಎರಡು ಕಾಕಟೀಲ್ ಇದ್ದವು. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು ಇರುವ ಹಕ್ಕಿ ಅದು. ಪಂಜರ ಹಿಡಿದುಕೊಂಡು ರಾತ್ರಿ ಬಸ್ಸಿನಲ್ಲಿ ಹೋಗೋದು ಹೇಗೆ? ಪಕ್ಕದ ಮನೆಯವರೂ ರಜೆಗೆ ಹೋಗಿದ್ದರು. ಅವರ ಮನೆಗೆ ನಾನು ಬೆಣ್ಣೆ ಕೊಡುತ್ತಿದ್ದೆ, ಆ ಪರಿಚಯದಲ್ಲಿ ಕೇಳಿದರು. ಇಪ್ಪತ್ತೆರಡು ದಿನ ನೋಡಿಕೊಂಡೆ. ಬೇಡ ಅಂದರೂ ಸಾವಿರ ರೂಪಾಯಿ ಕೊಟ್ಟರು. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಬ್ಯಾಂಕಿನವರು, ಕೊಪ್ಪದ ಒಬ್ಬ ಅಂಗಡಿಯವರು, ತೀರ್ಥಯಾತ್ರೆಗೆ ಹೋಗುವ ವಯಸ್ಸಾದ ದಂಪತಿ, ಹೀಗೆ ಬರತೊಡಗಿದರು. ಸಂಘದಿಂದ 6,000 ರೂಪಾಯಿ ಆಂತರಿಕ ಸಾಲ ತೆಗೆದು ಜಗಲಿಯ ಒಂದು ಬದಿಗೆ ಜಾಲರಿ ಹಾಕಿಸಿದೆ, ಎರಡು ದೊಡ್ಡ ಪಂಜರ ತಂದೆ, ಒಂದು ಡಿಜಿಟಲ್ ತಕ್ಕಡಿ ತಂದೆ. ತಕ್ಕಡಿ ಯಾಕೆ ಅಂತ ಆಮೇಲೆ ಹೇಳ್ತೇನೆ.

ಈಗ ಆ ತಪ್ಪಿನ ವಿಷಯ.

ನಮ್ಮ ಅಕ್ಕನ ಮನೆ ಭದ್ರಾವತಿ ಕಡೆ. ಅವರ ಮನೆಯಲ್ಲಿ ಒಂದು ಹಸಿರು ಗಿಣಿ ಇತ್ತು. ಕೊರಳಿಗೆ ಗುಲಾಬಿ ಪಟ್ಟಿ, ಕೆಂಪು ಕೊಕ್ಕು, ನಾವೆಲ್ಲ ನೋಡುವ ಊರ ಗಿಣಿ. ಯಾರೋ ಮರದ ಪೊಟರೆಯಿಂದ ತೆಗೆದು ಸಂತೆಯಲ್ಲಿ ಮಾರುತ್ತಿದ್ದ ಮರಿಯನ್ನು ಭಾವ ಪಾಪ ಅಂತ ತಂದು ಆರು ವರ್ಷ ಸಾಕಿದ್ದರು. ಅದು ಅಕ್ಕನ ಹೆಸರು ಹಿಡಿದು ಕೂಗುತ್ತಿತ್ತು, ಹಾಲಿನವನ ಸೈಕಲ್ ಬೆಲ್ ಹಾಗೆ ಸದ್ದು ಮಾಡುತ್ತಿತ್ತು. ಮೂರು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಇಬ್ಬರೂ ಬೆಂಗಳೂರಿಗೆ ಹೊರಟಾಗ ಭಾವ ಪಂಜರ ತಂದು ನಮ್ಮ ಜಗಲಿಯಲ್ಲಿಟ್ಟರು. ದುಡ್ಡು ಬೇಡ ಅಂದೆ. "ಇದು ನಿನ್ನ ದುಡಿಮೆ ಅಲ್ವಾ, ಸಂಬಂಧ ಬೇರೆ, ಲೆಕ್ಕ ಬೇರೆ" ಅಂತ ಮುಂಗಡ ಕೊಟ್ಟೇ ಹೋದರು.

ನಾಲ್ಕನೇ ದಿನ ಮಗಳು ಶಾಲೆಯಿಂದ ಬಂದು, "ಅಮ್ಮ, ನಮ್ಮ ದೇಶದ ಗಿಣಿ ಸಾಕೋ ಹಾಗಿಲ್ಲವಂತೆ, ಕೇಸ್ ಆಗುತ್ತಂತೆ" ಅಂದಳು. ನನಗೆ ಕೈಕಾಲು ತಣ್ಣಗಾಯಿತು. ನಾವಿರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ. ವನ್ಯಜೀವಿ ವಲಯದ ಕಚೇರಿ ನಮ್ಮೂರಲ್ಲೇ ಇದೆ, ಗಾರ್ಡುಗಳು ದಿನಾ ಕಣ್ಣಿಗೆ ಬೀಳುವವರು. ಸೀದಾ ಹೋಗಿ ಕೇಳಿದ್ದರೆ ಆಗುತ್ತಿತ್ತು. ಭಯಕ್ಕೆ ಬುದ್ಧಿ ಓಡಲಿಲ್ಲ. ರಾತ್ರಿಯಿಡೀ ಯೋಚನೆ ಮಾಡಿ, ಹಕ್ಕಿಗೆ ಬಿಡುಗಡೆ ಕೊಟ್ಟರೆ ಪುಣ್ಯವೂ ಬಂತು, ಕೇಸೂ ತಪ್ಪಿತು ಅಂದುಕೊಂಡೆ. ಬೆಳಿಗ್ಗೆ ಪಂಜರದ ಬಾಗಿಲು ತೆಗೆದೆ.

ಅದು ಹೊರಗೆ ಬರಲೇ ಇಲ್ಲ. ನಾನೇ ಪಂಜರ ಬಗ್ಗಿಸಿ ಹೊರಗೆ ಹಾಕಿದೆ. ಕುಪ್ಪಳಿಸಿ ದಾಸವಾಳದ ಗಿಡ, ಅಲ್ಲಿಂದ ಹೇಗೋ ಹಲಸಿನ ಮರದ ಕೆಳಗಿನ ಕೊಂಬೆ ಹತ್ತಿತು. ಒಂದು ಕಡೆಯ ರೆಕ್ಕೆಯ ಗರಿ ಕತ್ತರಿಸಿದ್ದು ಆಗ ಕಂಡಿತು. ಆಷಾಢದ ಮಳೆ. ನಮ್ಮ ಕಡೆಯ ಮಳೆ ನಿಮಗೆಲ್ಲ ಗೊತ್ತು, ಒಮ್ಮೆ ಹಿಡಿದರೆ ವಾರ ಬಿಡುವುದಿಲ್ಲ. ಕಾಗೆಗಳು ಸುತ್ತುಗಟ್ಟಿದವು. ಎರಡು ದಿನ ಅದು ಮರದ ಮೇಲಿಂದ ಅಕ್ಕನ ಹೆಸರು ಹಿಡಿದು ಕೂಗಿತು. ಪೇರಳೆ ಹಣ್ಣು ತೋರಿಸಿದೆ, ಪಂಜರ ಕೆಳಗಿಟ್ಟೆ, ಯಜಮಾನರು ಏಣಿ ಹಾಕಿದರು. ಅದು ಇನ್ನೂ ಮೇಲೆ ಹೋಯಿತು. ಮೂರನೇ ದಿನ ಬಚ್ಚಲ ಹಿಂದೆ ಹಸಿರು ಗರಿಗಳು ಸಿಕ್ಕಿದವು. ಬೆಕ್ಕೋ ಕಾಗೆಯೋ ಗೊತ್ತಿಲ್ಲ.

ಭಾವನಿಗೆ ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಬಂದಾಗ ಹೇಳಿದೆ. ಅವರು ಬೈಯಲಿಲ್ಲ. ಕಾಫಿ ಕುಡಿಯದೆ ಎದ್ದು ಹೋದರು. ಪಂಜರ ನಮ್ಮಲ್ಲೇ ಬಿಟ್ಟು ಹೋದರು, ಅದು ಇವತ್ತೂ ಅಟ್ಟದ ಮೇಲಿದೆ.

ಆಮೇಲೆ ವಲಯ ಕಚೇರಿಗೆ ಹೋಗಿ ಎಲ್ಲ ಕೇಳಿ ತಿಳಿದುಕೊಂಡೆ. ಅದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ಗಿಳಿ ನೋಡಿಕೊಳ್ಳುವ ಕೆಲಸದಲ್ಲಿ ಮೊದಲ ಪ್ರಶ್ನೆ ದಿನಕ್ಕೆ ಎಷ್ಟು ರೂಪಾಯಿ ಅನ್ನುವುದಲ್ಲ, ಹಕ್ಕಿ ಯಾವುದು ಅನ್ನುವುದು.

ನಮ್ಮ ದೇಶದ ಗಿಳಿಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತವೆ. ಕೊರಳಿಗೆ ಪಟ್ಟಿ ಇರುವ ಊರ ಗಿಣಿ, ಗಂಡಿಗೆ ಕೆನ್ನೀಲಿ ಮಿಶ್ರಿತ ಕೆಂಪು ತಲೆ ಇರುವ ಗಿಣಿ, ನಮ್ಮ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ನೀಲಿ ರೆಕ್ಕೆಯ ಮಲಬಾರ್ ಗಿಣಿ, ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದು ಮಲಗುವ ಆ ಪುಟ್ಟ ಗಿಣಿ, ಯಾವುದನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಮನೆಯಲ್ಲಿಡುವಂತಿಲ್ಲ. ನಮ್ಮ ಕಾಡುಹಕ್ಕಿಗಳ ವ್ಯಾಪಾರ 1990-91ರಲ್ಲೇ ಪೂರ್ತಿ ನಿಷೇಧವಾಗಿದೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ತಪ್ಪು ಸಾಬೀತಾದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. "ಹಕ್ಕಿ ನನ್ನದಲ್ಲ, ಬೇರೆಯವರು ಬಿಟ್ಟು ಹೋದದ್ದು" ಅಂದರೆ ನಡೆಯುವುದಿಲ್ಲ. ಯಾರ ಮನೆಯಲ್ಲಿದೆಯೋ ಅವರು ಉತ್ತರ ಹೇಳಬೇಕು. 2023ರ ಅಕ್ಟೋಬರಿನಲ್ಲಿ ಟೀವಿಯ ಬಿಗ್‌ಬಾಸ್ ಮನೆಯಿಂದಲೇ ಒಬ್ಬರನ್ನು ಹುಲಿಯುಗುರಿನ ವಿಷಯಕ್ಕೆ ಅರಣ್ಯ ಇಲಾಖೆಯವರು ಕರೆದೊಯ್ದದ್ದು, ಅದರ ಬೆನ್ನಿಗೇ ನಮ್ಮ ಜಿಲ್ಲೆಯಲ್ಲೂ ಗದ್ದಲವಾದದ್ದು ನೆನಪಿರಬೇಕು. ಅಜ್ಜನ ಕಾಲದ್ದು ಅಂತ ಕೊರಳಲ್ಲಿ ಹಾಕಿಕೊಂಡಿದ್ದವರಿಗೂ ಕಾನೂನು ಗೊತ್ತಿರಲಿಲ್ಲ. ಗಿಣಿಯ ವಿಷಯವೂ ಹಾಗೇ.

ಕಾನೂನು ಯಾಕೆ ಇಷ್ಟು ಬಿಗಿ ಅಂತ ನಾನೂ ಕೇಳಿದೆ. ಗಿಣಿ ತಾನೇ ಗೂಡು ಕಟ್ಟುವುದಿಲ್ಲ, ಹಳೇ ಮರದ ಪೊಟರೆ ಹುಡುಕಿ ಮೊಟ್ಟೆಯಿಡುತ್ತದೆ. ಮರಿ ಹಿಡಿಯುವವರು ಕೊಂಬೆ ಕಡಿಯುತ್ತಾರೆ, ಪೊಟರೆ ಒಡೆಯುತ್ತಾರೆ. ಹೋದ ಪೊಟರೆ ಮತ್ತೆ ಆಗಲು ಎಷ್ಟೋ ವರ್ಷ ಬೇಕು. ಹಿಡಿದ ಮರಿಗಳಲ್ಲಿ ಸಂತೆಗೆ ಬರುವ ಮೊದಲೇ ಸಾಯುವುದೂ ಇದೆ. ಅಂದರೆ ಭಾವ ಪಾಪ ಅಂತ ದುಡ್ಡು ಕೊಟ್ಟು ತಂದದ್ದು ಮುಂದಿನ ವರ್ಷ ಮತ್ತೊಂದು ಪೊಟರೆ ಒಡೆಯಲು ದಾರಿಯಾಯಿತು.

ಹಾಗಾದರೆ ಈಗಾಗಲೇ ಮನೆಯಲ್ಲಿ ಊರ ಗಿಣಿ ಇದ್ದರೆ ಏನು ಮಾಡಬೇಕು? ನಾನು ಮಾಡಿದ ಹಾಗೆ ಬಾಗಿಲು ತೆಗೆದು ಬಿಡಬೇಡಿ. ಕತ್ತರಿಸಿದ ಗರಿ, ಹಳೇದು ಉದುರಿ ಹೊಸದು ಬರುವವರೆಗೆ ಬೆಳೆಯುವುದಿಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿಗೆ ಹದ್ದು ಯಾವುದು, ಕಾಡಿನ ಹಣ್ಣು ಯಾವುದು ಗೊತ್ತಿರುವುದಿಲ್ಲ. ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಬೇಕು, ಅಥವಾ ಇಲಾಖೆಯ 1926 ನಂಬರಿಗೆ ಫೋನ್ ಮಾಡಬೇಕು. ಹಾರಲು ಕಲಿಸಿ ಬಿಡುವಂಥದ್ದನ್ನು ಬಿಡುತ್ತಾರೆ, ಆಗದಿದ್ದರೆ ಪುನರ್ವಸತಿ ಕೇಂದ್ರಕ್ಕೋ ಮೃಗಾಲಯಕ್ಕೋ ಕಳಿಸುತ್ತಾರೆ. ನಾವಾಗಿ ಹೋಗಿ ಒಪ್ಪಿಸುವುದಕ್ಕೂ ಅವರು ಬಂದು ಹಿಡಿಯುವುದಕ್ಕೂ ವ್ಯತ್ಯಾಸ ಇದೆ. ಒಬ್ಬರೇ ಹೋಗಲು ಅಂಜಿಕೆ ಆದರೆ ಸಂಘದ ಇಬ್ಬರು ಜೊತೆಗೆ ಹೋಗಿ. ನಮ್ಮ ಸಂಘದಿಂದ ಹಾಗೆ ಒಮ್ಮೆ ಹೋಗಿದ್ದೇವೆ.

ಮೊನ್ನೆ ಡಿಸೆಂಬರಿನಲ್ಲಿ ಹೋಂಸ್ಟೇ ಒಂದರವರು ಕೆಂಪು ತಲೆಯ ಗಿಣಿ ತಂದು ದಿನಕ್ಕೆ ಇನ್ನೂರು ಕೊಡುತ್ತೇನೆ ಅಂದರು. ಆಗಲ್ಲ ಅಂದೆ. ಸಿಟ್ಟು ಮಾಡಿಕೊಂಡು ಹೋದರು, ಬೇರೆ ಗಿರಾಕಿಗಳಿಗೂ ನನ್ನ ಬಗ್ಗೆ ಏನೋ ಹೇಳಿದರಂತೆ. ಹೇಳಲಿ ಮಾರಾಯ್ರೇ.

ಇನ್ನು ನೋಡಿಕೊಳ್ಳಬಹುದಾದ ಹಕ್ಕಿಗಳು. ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಮಾರುವ ಚಿಕ್ಕ ಹಕ್ಕಿಯ ನಿಜವಾದ ಹೆಸರು ಬಜರಿಗರ್, ಆಸ್ಟ್ರೇಲಿಯಾ ದೇಶದ್ದು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಅದು ಸ್ವಲ್ಪ ದಪ್ಪ, ಬಾಲ ಗಿಡ್ಡ. ಕಾಕಟೀಲ್ ಕೂಡ ಆಸ್ಟ್ರೇಲಿಯಾದ್ದೇ. ಬಜರಿಗರ್, ಕಾಕಟೀಲ್ ಇವಕ್ಕೆ ನೋಂದಣಿಯ ತಾಪತ್ರಯ ಇಲ್ಲ. ಆದರೆ ಆಫ್ರಿಕನ್ ಗ್ರೇ, ಮಕಾವ್, ಸನ್ ಕನ್ಯೂರ್ ಇಂಥವು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮದಂತೆ ಇವುಗಳ ಮಾಲೀಕರು ಪರಿವೇಶ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಅಂಥ ಹಕ್ಕಿ ತಂದರೆ ನಾನು ಮೊದಲು ನೋಂದಣಿಯ ಜೆರಾಕ್ಸ್ ಕೇಳುತ್ತೇನೆ. ಇಲ್ಲ ಅಂದರೆ ಪಂಜರ ಒಳಗೆ ಬರುವುದಿಲ್ಲ. ಯಾವ ಜಾತಿ ಅಂತ ಗೊತ್ತಾಗದಿದ್ದರೆ ಫೋಟೋ ತೆಗೆದು ತಿಳಿದವರಿಗೆ ತೋರಿಸಿ, ಆಮೇಲೆ ಹೂಂ ಅನ್ನಿ. ಇನ್ನೊಂದು, ಮರಿ ಮಾಡಿಸಿ ಮಾರುವುದಕ್ಕೆ ಕೈ ಹಾಕಬೇಡಿ. ಮಾರಾಟಕ್ಕೆ 2018ರ ಪೆಟ್ ಶಾಪ್ ನಿಯಮಗಳಿವೆ, ಅದರ ನೋಂದಣಿಯೇ ಬೇರೆ.

ಬೇರೆಯವರ ಹಕ್ಕಿ ಅಂದರೆ ಎಷ್ಟು ದೊಡ್ಡ ಹೊಣೆ ಅನ್ನುವುದಕ್ಕೆ ತುಮಕೂರಿನ ಒಂದು ಸಂಗತಿ ಹೇಳುತ್ತೇನೆ, ಪೇಪರಿನಲ್ಲಿ ಬಂದದ್ದು. 2022ರ ಜುಲೈನಲ್ಲಿ ಅಲ್ಲಿಯ ಒಂದು ಮನೆಯಿಂದ ರುಸ್ತುಮಾ ಅನ್ನುವ ಆಫ್ರಿಕನ್ ಗ್ರೇ ಗಿಳಿ ಹಾರಿಹೋಯಿತು. ಮನೆಯವರು ಪೋಸ್ಟರ್ ಅಂಟಿಸಿ, ಹುಡುಕಿಕೊಟ್ಟವರಿಗೆ 50,000 ರೂಪಾಯಿ ಅಂತ ಪ್ರಕಟಣೆ ಮಾಡಿದರು. ಸಿಕ್ಕಿದ ಮೇಲೆ 85,000 ಕೊಟ್ಟರು. ನಮ್ಮಂಥವರಿಗೆ ಅದು ಒಂದು ಹಸುವಿನ ಬೆಲೆಗಿಂತ ಹೆಚ್ಚು. ಅವರಿಗೆ ಅದು ಮನೆಯ ಮಗು. ನಮ್ಮ ಜಗಲಿಯಿಂದ ಅಂಥದೊಂದು ಹಾರಿ ಕುದುರೆಮುಖದ ಕಾಡಿಗೆ ಹೋದರೆ ಹುಡುಕುವವರು ಯಾರು? ಅದಕ್ಕೇ ಜಾಲರಿಯ ಒಳಗೆ ಪಂಜರ, ಜಾಲರಿಗೆ ಚಿಲಕ, ಪಂಜರಕ್ಕೆ ಕ್ಲಿಪ್ಪು. ಒಳಗಿನದ್ದು ತೆಗೆಯುವಾಗ ಹೊರಗಿನದ್ದು ಹಾಕಿರಬೇಕು. ಜಾಲರಿಯ ಕಣ್ಣು ಸಣ್ಣದಿರಲಿ, ಕೇರೆಹಾವು, ಇಲಿ ನುಸುಳಬಾರದು. ರಾತ್ರಿ ಪುನುಗಿನ ಬೆಕ್ಕು ಜಾಲರಿ ಪರಚಿದ್ದೂ ಇದೆ. ಈಗ ಕತ್ತಲಾದ ಮೇಲೆ ಪಂಜರಗಳನ್ನು ನಡುಮನೆಗೆ ತರುತ್ತೇನೆ.

ಆರೈಕೆಯಲ್ಲಿ ನಮ್ಮ ಮಲೆನಾಡಿನ ಮನೆಗಳಿಗೇ ಆದ ಕೆಲವು ಕಷ್ಟಗಳಿವೆ. ಮೊದಲನೆಯದು ಹೊಗೆ. ಕಟ್ಟಿಗೆ ಒಲೆ, ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ. ಹಕ್ಕಿಯ ಶ್ವಾಸಕೋಶ ಬಹಳ ನಾಜೂಕು, ನಮಗೆ ಕಣ್ಣುರಿಯುವಷ್ಟು ಹೊಗೆ ಅದಕ್ಕೆ ವಿಷ. ಗ್ಯಾಸ್ ಇದ್ದವರು ಸುಮ್ಮನಿರುವ ಹಾಗಿಲ್ಲ. ನಾನ್‌ಸ್ಟಿಕ್ ಕಾವಲಿ ಖಾಲಿ ಕಾದು ಅತಿಯಾದರೆ ಅದರಿಂದ ಬರುವ ಆವಿಗೆ ಗಿಳಿ ಕೆಲವೇ ನಿಮಿಷದಲ್ಲಿ ಸಾಯಬಹುದು. ವಾಸನೆಯೂ ನಮಗೆ ಗೊತ್ತಾಗದೇ ಹೋಗಬಹುದು. ಹಕ್ಕಿ ಇರುವಷ್ಟು ದಿನ ನಮ್ಮಲ್ಲಿ ದೋಸೆಗೆ ಕಬ್ಬಿಣದ ಕಾವಲಿ. ಸೊಳ್ಳೆ ಬತ್ತಿಯೂ ಆ ಕಡೆ ಬೇಡ.

ಎರಡನೆಯದು ತಿನಿಸು. ಹಿತ್ತಿಲಲ್ಲಿ ಸಿಗುತ್ತದೆ ಅಂತ ಬೆಣ್ಣೆಹಣ್ಣು ಕೊಡಬೇಡಿ! ನಮ್ಮ ಕಡೆ ಮನೆಮನೆಗೆ ಮರ ಇದೆ, ಮಕ್ಕಳು ಪ್ರೀತಿಯಿಂದ ಒಂದು ತುಂಡು ಹಾಕಿಬಿಡುತ್ತಾರೆ. ಗಿಳಿ ಜಾತಿಗೆ ಅದು ವಿಷ, ಎಲೆ ಕೂಡ. ಕಾಫಿ, ಚಹಾ, ಚಾಕಲೇಟು, ಉಪ್ಪಿನ ಚಿಪ್ಸು ಬೇಡ, ಸೇಬಿನ ಬೀಜ ತೆಗೆದು ಕೊಡಿ. ನವಣೆ, ಸಾಮೆ, ನುಗ್ಗೆಸೊಪ್ಪು, ಹರಿವೆಸೊಪ್ಪು, ಪೇರಳೆ, ಪಪ್ಪಾಯಿ ಒಳ್ಳೆಯದು. ಆದರೆ ಮಾಲೀಕರು ಏನು ಕೊಡುತ್ತಿದ್ದರೋ ಅದನ್ನೇ ಮುಂದುವರಿಸಬೇಕು. ಹೊಸ ತಿನಿಸು ಕಂಡರೆ ಕೆಲವು ಹಕ್ಕಿ ಉಪವಾಸ ಕೂತುಬಿಡುತ್ತವೆ. ಮಳೆಗಾಲದಲ್ಲಿ ಕಾಳಿಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಕಡಲೆಬೀಜ ಹಕ್ಕಿಯ ಪಿತ್ತಜನಕಾಂಗ ಹಾಳುಮಾಡುತ್ತದೆ. ಒಂದು ವಾರಕ್ಕೆ ಬೇಕಾದಷ್ಟನ್ನೇ ಡಬ್ಬಿಗೆ ಹಾಕಿ, ವಾಸನೆ ನೋಡಿ ಕೊಡಿ.

ಈಗ ತಕ್ಕಡಿ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಕಾಡಿನಲ್ಲಿ ಸೊರಗಿ ಕೂತ ಹಕ್ಕಿಯನ್ನು ಹದ್ದು ಮೊದಲು ನೋಡುತ್ತದೆ, ಆ ಸ್ವಭಾವ ಪಂಜರದಲ್ಲೂ ಹೋಗಿಲ್ಲ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆ ಅಂದರೆ ಆಗಲೇ ತಡವಾಗಿದೆ. ಅದಕ್ಕೆ ದಿನಾ ಬೆಳಿಗ್ಗೆ ತೂಕ. ಬಜರಿಗರ್ ಮೂವತ್ತು-ನಲವತ್ತು ಗ್ರಾಂ, ಕಾಕಟೀಲ್ ಎಂಬತ್ತು-ನೂರು ಗ್ರಾಂ ಇರುತ್ತದೆ. ಹತ್ತರಲ್ಲಿ ಒಂದು ಪಾಲು ಇಳಿದರೆ ಮಾಲೀಕರಿಗೂ ಪಶುವೈದ್ಯರಿಗೂ ಫೋನ್. ಹಿಕ್ಕೆಯ ಬಣ್ಣ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುವುದು, ಇದನ್ನೂ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಚಳಿ ಹಿಡಿದರೆ ಬೆಚ್ಚಗಿಡಬೇಕು. ಈಗಿನ ಎಲ್‌ಇಡಿ ಬಲ್ಬಿನಿಂದ ಶಾಖ ಬರುವುದಿಲ್ಲ, ಹಳೇ ಬುರುಡೆ ಬಲ್ಬೇ ಬೇಕು. ಕರೆಂಟು ಹೋದರೆ (ನಮ್ಮಲ್ಲಿ ಹೋಗೇ ಹೋಗುತ್ತದೆ) ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಂಜರದ ಪಕ್ಕ ಇಡುತ್ತೇನೆ. ಒಂದು ಮನೆಯ ಹಕ್ಕಿಯನ್ನು ಇನ್ನೊಂದು ಮನೆಯದರ ಜೊತೆ ಎಂದೂ ಬೆರೆಸಬೇಡಿ, ನೀರಿನ ಬಟ್ಟಲೂ ಬೇರೆ ಬೇರೆ.

ಮನೆ ಬಿಟ್ಟು ಬಂದ ಹಕ್ಕಿಗೆ ಬೇಸರ ಅನ್ನುವುದು ನಿಜವಾಗಿ ಇದೆ. ಒಂದು ಹಕ್ಕಿ ಎದೆಯ ಪುಕ್ಕ ತಾನೇ ಕಿತ್ತುಕೊಳ್ಳಲು ಶುರು ಮಾಡಿತು. ಮಾಲೀಕರಿಗೆ ಹೇಳಿ ಅವರ ಮನೆಯ ಹಳೇ ಟವೆಲ್ ತರಿಸಿ ಪಂಜರಕ್ಕೆ ಹೊದಿಸಿದೆ, ಸಂಜೆ ಅವರು ಫೋನಿನಲ್ಲಿ ಮಾತಾಡಿದರು. ನಿಧಾನಕ್ಕೆ ನಿಲ್ಲಿಸಿತು.

ನಮ್ಮ ಆರೋಗ್ಯದ ಮಾತು ಬಿಡುವ ಹಾಗಿಲ್ಲ. ಗಿಳಿಗಳಿಂದ ಮನುಷ್ಯರಿಗೆ ಬರುವ ಸಿಟಕೋಸಿಸ್ ಅನ್ನುವ ಜ್ವರ ಇದೆ. ಒಣಗಿದ ಹಿಕ್ಕೆಯ, ಗರಿಯ ಧೂಳು ಉಸಿರಿನಲ್ಲಿ ಹೋಗಿ ನ್ಯುಮೋನಿಯಾ ತರುತ್ತದೆ. ಸಮಯಕ್ಕೆ ಔಷಧ ಮಾಡಿದರೆ ವಾಸಿಯಾಗುತ್ತದೆ. ಆದರೆ ಜ್ವರ, ಒಣ ಕೆಮ್ಮು ಬಂದಾಗ "ಮನೆಯಲ್ಲಿ ಗಿಳಿ ಇದೆ" ಅಂತ ಡಾಕ್ಟರಿಗೆ ನಾವೇ ಹೇಳಬೇಕು, ಅವರಿಗೆ ಹೇಗೆ ಗೊತ್ತಾಗಬೇಕು? ಪಂಜರದ ತಳವನ್ನು ಒಣ ಪೊರಕೆಯಿಂದ ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ, ಮೂಗಿಗೆ ಬಟ್ಟೆ ಕಟ್ಟಿ, ಕೈ ಸೋಪಿನಲ್ಲಿ ತೊಳೆಯಿರಿ. ಮನೆಯಲ್ಲಿ ಬಸುರಿ, ಬಾಣಂತಿ, ಎಳೆ ಮಗು, ಉಬ್ಬಸದವರು ಇದ್ದರೆ ಈ ಕೆಲಸ ಹಿಡಿಯಲೇಬೇಡಿ. ನನ್ನ ಸೊಸೆ ಬಸುರಿಯಾದಾಗ ನಾನು ಒಂದೂವರೆ ವರ್ಷ ನಿಲ್ಲಿಸಿದ್ದೆ.

ಲೆಕ್ಕ ಕೇಳುತ್ತೀರಿ, ಹೇಳಿಬಿಡುತ್ತೇನೆ. ಬಜರಿಗರ್ ಪಂಜರಕ್ಕೆ ದಿನಕ್ಕೆ 50, ಕಾಕಟೀಲಿಗೆ 80 ತೆಗೆದುಕೊಳ್ಳುತ್ತೇನೆ. ಕಳೆದ ಏಪ್ರಿಲ್-ಮೇ ಸೇರಿ 9,400 ಬಂತು, ಖರ್ಚು ಕಳೆದು 7,100 ಉಳಿಯಿತು. ದಸರಾ, ಕ್ರಿಸ್ಮಸ್‌ಗೆ ಸ್ವಲ್ಪ. ಮಳೆಗಾಲ ಪೂರ್ತಿ ಸೊನ್ನೆ. ಇದನ್ನೇ ನಂಬಿ ದೊಡ್ಡ ಸಾಲ ಮಾಡುತ್ತೇನೆ ಅಂದರೆ ನಾನು ಬೇಡ ಅನ್ನುತ್ತೇನೆ. ಒಂದು ಊರಿಗೆ ಒಬ್ಬರು ಸಾಕು.

ಹಕ್ಕಿ ಪಡೆಯುವಾಗ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಮಾಲೀಕರ ಹೆಸರು, ಫೋನು, ಹಕ್ಕಿಯ ಜಾತಿ, ಬಂದ ದಿನದ ತೂಕ, ತಿನಿಸು, ಮೊದಲೇ ಇದ್ದ ಕಾಯಿಲೆ, ಯಾವ ಡಾಕ್ಟರು, ಚಿಕಿತ್ಸೆಯ ಖರ್ಚು ಯಾರದು, ಸತ್ತರೆ ಏನು. ಕೊನೆಯದನ್ನು ಕೇಳಲು ನಾಲಿಗೆ ಏಳುವುದಿಲ್ಲ, ಆದರೂ ಕೇಳಿ. ಸಂಬಂಧಿಕರಾದರೂ ಕೇಳಿ. ಭಾವನಿಗೆ ನಾನು ಇದೊಂದನ್ನೂ ಕೇಳಿರಲಿಲ್ಲ. ಜಾತಿ ಅನ್ನುವ ಕಡೆ "ಊರ ಗಿಣಿ" ಅಂತ ಬರೆಯಬೇಕಾಗಿ ಬಂದಿದ್ದರೆ ಅಲ್ಲೇ ಪೆನ್ನು ನಿಲ್ಲುತ್ತಿತ್ತು.

ಅಸ್ಸೀಸಿಯ ಸಂತ ಫ್ರಾನ್ಸಿಸ್ ಹಕ್ಕಿಗಳಿಗೆ ಪ್ರವಚನ ಮಾಡಿದ ಕಥೆಯನ್ನು ಫಾದರ್ ಅಕ್ಟೋಬರ್ 4ರ ಹಬ್ಬದಲ್ಲಿ ಹೇಳಿದ್ದರು. ಆ ಚಿತ್ರದಲ್ಲಿ ಹಕ್ಕಿಗಳೆಲ್ಲ ಪಂಜರದ ಹೊರಗೇ ಇವೆ ಅನ್ನುವುದನ್ನು ನಾನು ಆಮೇಲೆ ಗಮನಿಸಿದೆ. ಭಾವನೂ ಹೋದ ವರ್ಷ ಊರ ಹಬ್ಬಕ್ಕೆ ಬಂದಿದ್ದರು. ಬೆಳಿಗ್ಗೆ ಅಂಗಳದಲ್ಲಿ ನಿಂತು ಅತ್ತಿಮರಕ್ಕೆ ಬಂದ ಮಲಬಾರ್ ಗಿಣಿಗಳ ಹಿಂಡನ್ನು ನೋಡುತ್ತಿದ್ದರು. ನಾನು ಕಾಫಿ ತಂದುಕೊಟ್ಟೆ, ಕುಡಿದರು.

ಹಾಳೆಯ ಮಾದರಿಯನ್ನು ಒಕ್ಕೂಟದ ಪುಸ್ತಕದಲ್ಲಿ ಅಂಟಿಸಿದೆ, ಬೇಕಾದವರು ಜೆರಾಕ್ಸ್ ಮಾಡಿಸಿಕೊಳ್ಳಿ. ಪ್ರಶ್ನೆ ಇದ್ದರೆ ಈಗಲೇ ಕೇಳಿಬಿಡಿ, ಮನೆಯಲ್ಲಿ ಎರಡು ಕಾಕಟೀಲ್ ಇವೆ, ಕತ್ತಲಾಗುವ ಮೊದಲು ನಾನು ಬಸ್ಸು ಹಿಡಿಯಬೇಕು.